ಮುದ್ದಪ್ಪನ ಒಂದು ಷೇರು

ಹಿರೇಮರಡಿ ಪಟ್ಟಣ ಪಂಚಾಯಿತಿಯ ಜವಾನ ಮುದ್ದಪ್ಪನು ವರ್ಷದಲ್ಲಿ ಒಂದು ದಿನ, ಸುಮಾರು ಅರ್ಧ ಗಂಟೆಯ ಹೊತ್ತು, ಒಂದು ಕಂಪನಿಯ ಪಾಲುದಾರನಾಗಿರುತ್ತಿದ್ದನು. ಉಳಿದ ದಿನಗಳಲ್ಲಿ ಆತನು ಕಛೇರಿಯ ಬಾಗಿಲು ತೆರೆಯುವ, ಕಸ ಗುಡಿಸುವ, ಕಂದಾಯದ ನೋಟೀಸುಗಳನ್ನು ಮನೆಮನೆಗೆ ಮುಟ್ಟಿಸುವ ಮುದ್ದಪ್ಪನೇ. ಈ ಇಬ್ಬರು ಮುದ್ದಪ್ಪಂದಿರಲ್ಲಿ ಯಾರು ಯಾರ ಮಾತು ಕೇಳಬೇಕೆಂಬುದು ಆತನಿಗೆ ಕಡೆಯವರೆಗೂ ತಿಳಿಯಲಿಲ್ಲ. ತಿಳಿದವರು ಊರಿನಲ್ಲಿ ಬೇರೆ ಯಾರಾದರೂ ಇದ್ದರೋ ಎಂದರೆ, ಅದೂ ಅನುಮಾನವೇ.

ಅಜ್ಜಂಪುರ, ಶಿವನಿ ಎಂಬ ಊರುಗಳ ನಡುವೆ, ರೈಲುದಾರಿಯಿಂದ ತುಸು ಒಳಗೆ ಇದ್ದ ಊರು ಅದು. ರಾಗಿ, ಈರುಳ್ಳಿ, ಮೆಣಸಿನಕಾಯಿ, ಅದಕ್ಕಿಂತ ಹೆಚ್ಚಾಗಿ ಕಡಲೆಕಾಯಿ. ಸುಗ್ಗಿಯಲ್ಲಿ ಕಡಲೆಕಾಯಿಯ ಗಾಡಿಗಳು ಅಜ್ಜಂಪುರದ ಮಂಡಿಗಳ ಮುಂದೆ ಸಾಲುಗಟ್ಟಿ ನಿಂತು, ವರ್ತಕರು ಹೇಳಿದ ಬೆಲೆಗೆ ಬರಿದಾಗಿ ಹಿಂದಿರುಗುತ್ತಿದ್ದವು. ಪಂಚಾಯಿತಿಯ ಚೇರ್ಮನ್ ಷಣ್ಮುಖಪ್ಪನವರಿಗೆ ಇದನ್ನು ಕಂಡರೆ ಸಂಕಟ. ಊರಿಗೇ ಒಂದು ಎಣ್ಣೆ ಮಿಲ್ಲು ಬೇಕೆಂದು ಅವರು ಹಟ ಹಿಡಿದರು. ಆದರೆ ಪಂಚಾಯಿತಿಯೇ ನೇರವಾಗಿ ಮಿಲ್ಲು ನಡೆಸುವುದೆಂದರೆ ಪ್ರತಿಯೊಂದಕ್ಕೂ ಮೇಲಿನವರ ಮಂಜೂರಾತಿ ಬೇಕು. "ಒಂದು ಬೆಲ್ಟು ಹರಿದ್ರೆ ಕಾಗದ ತರೀಕೆರೆಗೆ ಹೋಗ್ಬೇಕು, ಅಲ್ಲಿಂದ ಚಿಕ್ಕಮಗಳೂರಿಗೆ ಹೋಗ್ಬೇಕು. ಅದು ತಿರುಗಿ ಬರೋ ಹೊತ್ತಿಗೆ ಚೀಲದಾಗಿನ ಕಡಲೆಕಾಯಿ ಮೊಳಕೆ ಬಂದಿರ್ತದೆ" ಎಂದು ಅವರು ಗೊಣಗುತ್ತಿದ್ದರು.

ಉಪಾಯ ಹೇಳಿದವರು ತರೀಕೆರೆಯ ವಕೀಲ ಶಿವಮೂರ್ತಪ್ಪನವರು. ಮಿಲ್ಲಿಗೆಂದೇ ಒಂದು ಕಂಪನಿ ಮಾಡುವುದು, ಆ ಕಂಪನಿಗೆ ಪಂಚಾಯಿತಿ ಒಡೆಯನಾಗುವುದು, ಬೆಲ್ಟು ಹರಿದರೆ ಕಂಪನಿಯೇ ಕೊಳ್ಳುವುದು. ಎಲ್ಲರಿಗೂ ಸಂತೋಷವಾಯಿತು. ಒಂದೇ ಒಂದು ತೊಡಕು ಉಳಿಯಿತು. ಒಬ್ಬನೇ ಪಾಲುದಾರನಿದ್ದರೆ ಅದು ಕಂಪನಿಯಾಗುವುದಿಲ್ಲ, ಕಡಿಮೆಯೆಂದರೂ ಇಬ್ಬರು ಬೇಕು ಎನ್ನುತ್ತದಂತೆ ಕಾಯ್ದೆ. ಪಂಚಾಯಿತಿ ಒಬ್ಬ. ಇನ್ನೊಬ್ಬನು ಯಾರು?

ಪಂಚಾಯಿತಿಯ ಸದಸ್ಯರೆಲ್ಲರೂ "ನಾನೇ ಆಗ್ತೀನಿ" ಎಂದರು. ಒಬ್ಬನನ್ನು ಮಾಡಿದರೆ ಉಳಿದವರೆಲ್ಲ ಹಗೆಯಾಗುತ್ತಾರೆಂದು ಷಣ್ಮುಖಪ್ಪನವರು ಗದ್ದಕ್ಕೆ ಕೈಯಿಟ್ಟು ಕುಳಿತಿರುವಾಗ, ಚಹಾದ ಲೋಟಗಳನ್ನು ಹಿಡಿದು ಮುದ್ದಪ್ಪನು ಒಳಗೆ ಬಂದನು.

"ಲೇ ಮುದ್ದಪ್ಪ, ನಿಂಗೆ ಸೈ ಮಾಡಕೆ ಬತ್ತದಲ್ಲ?"

"ಬತ್ತದೆ ಸ್ವಾಮಿ. ನಾಕನೇ ಕ್ಲಾಸು ಪಾಸು."

"ಸಾಕು ಬಿಡು. ಕಂಪನಿಗೆ ಅಷ್ಟು ಸಾಕಂತೆ."

ವಕೀಲರು ಅವನನ್ನು ಹತ್ತಿರ ಕರೆದು ನಿಧಾನವಾಗಿ ಹೇಳಿದರು. "ನೋಡಪ್ಪ, ಎಲ್ಲಾ ಷೇರೂ ಪಂಚಾಯಿತಿಯದು. ಅದರಲ್ಲಿ ಒಂದು ಮಾತ್ರ ನಿನ್ನ ಹೆಸರಿನಲ್ಲಿರುತ್ತದೆ. ಹೆಸರು ನಿನ್ನದು, ಷೇರು ನಿನ್ನದಲ್ಲ. ಗೊತ್ತಾಯ್ತೋ?"

"ಗೊತ್ತಾಯ್ತು ಸ್ವಾಮಿ."

ಗೊತ್ತಾಗಿರಲಿಲ್ಲ. ಆದರೆ ದೊಡ್ಡವರು 'ಗೊತ್ತಾಯ್ತೋ' ಎಂದಾಗ 'ಗೊತ್ತಾಯ್ತು' ಎನ್ನುವುದು ಜವಾನನ ಕೆಲಸದ ಮೊದಲನೆಯ ಪಾಠ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಅದನ್ನು ಹಲವು ಬಗೆಯಲ್ಲಿ ತಿರುಗಿಸಿ ನೋಡಿದನು. ದೇವರ ಹೆಸರಿನಲ್ಲಿ ಬಿಟ್ಟ ಹೋರಿಯ ಹಾಗೆಯೋ? ಹೋರಿ ದೇವರದು, ಆದರೆ ಮೇಯುವುದು ಊರವರ ಹೊಲ. ಇಲ್ಲ, ಅದು ತಿರುಗುಮುರುಗಾಯಿತು. ಪೂಜಾರಪ್ಪನ ಮನೆಯಲ್ಲಿರುವ ಅಮ್ಮನವರ ಒಡವೆಯ ಹಾಗೆಯೋ? ಅದು ಸ್ವಲ್ಪ ಸರಿ. ಆದರೆ ಒಡವೆಯ ಮೇಲೆ ಪೂಜಾರಪ್ಪನ ಹೆಸರನ್ನು ಯಾರೂ ಕೊರೆಸಿಲ್ಲ. ಅವನು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟು ಕೈಕಾಲು ತೊಳೆದು ಊಟಕ್ಕೆ ಕುಳಿತನು.

ಎಪ್ಪತ್ತನಾಲ್ಕನೆಯ ಇಸವಿಯ ಮಾತು ಅದು. ಮರುವರ್ಷ ಮಿಲ್ಲು ತಿರುಗಿತು. ಕಡೂರು, ಬೀರೂರಿನ ಅಂಗಡಿಗಳಿಗೆ ಹಿರೇಮರಡಿಯ ಎಣ್ಣೆಯ ಡಬ್ಬಿಗಳು ಹೋದವು. ಪ್ರತಿವರ್ಷ ಗಣಪತಿ ಹಬ್ಬ ಕಳೆದ ಮೇಲೆ ಕಂಪನಿಯ ವಾರ್ಷಿಕ ಸಭೆ. ಆ ದಿನ ಮುದ್ದಪ್ಪನು ಜವಾನಿಕೆಯ ಗುರುತಾದ ಹೆಗಲಿನ ಡವಾಲಿಪಟ್ಟಿಯನ್ನು ತೆಗೆದು ಗೂಟಕ್ಕೆ ತಗುಲಿಹಾಕಿ, ಷಣ್ಮುಖಪ್ಪನವರ ಎದುರಿಗೆ ಕುರ್ಚಿಯ ತುದಿಯಲ್ಲಿ ಕುಳಿತುಕೊಳ್ಳುತ್ತಿದ್ದನು. ಪಂಚಾಯಿತಿಯ ಪರವಾಗಿ ಚೇರ್ಮನ್ನರು, ಇನ್ನೊಬ್ಬ ಪಾಲುದಾರನಾಗಿ ಇವನು. ಬರೆದುಕೊಳ್ಳಲು ಸೆಕ್ರೆಟರಿ ಬಸವರಾಜಪ್ಪ. ಇಬ್ಬರೂ ಕುಳಿತರೆ ಸಭೆ, ಒಬ್ಬನು ಎದ್ದುಹೋದರೆ ಸಭೆಯೇ ಇಲ್ಲ.

"ಶ್ರೀ ಮುದ್ದಪ್ಪನವರೇ, ಲೆಕ್ಕಪತ್ರಗಳಿಗೆ ತಮ್ಮ ಒಪ್ಪಿಗೆ ಉಂಟಷ್ಟೆ?" ಎಂದು ಚೇರ್ಮನ್ನರು ಗಂಭೀರವಾಗಿ ಕೇಳುವರು.

"ಒಪ್ಪಿಗೆ ಸ್ವಾಮಿ."

"ಸ್ವಾಮಿ ಅನ್ನಬಾರ್ದು ಕಣೋ ಇಲ್ಲಿ. ಸಭೆ ಇದು."

"ಆಯ್ತು ಸ್ವಾಮಿ."

ಸೈ ಬಿದ್ದೊಡನೆ ಅದೇ ಬಾಯಿ, "ಲೇ ಮುದ್ದಪ್ಪ, ಮೂರು ಚಾ ತಗೊಂಬಾ" ಎನ್ನುವುದು. ಅವನು ಎದ್ದು ಡವಾಲಿ ಹಾಕಿಕೊಳ್ಳುವನು. ಮೂರರಲ್ಲಿ ಒಂದು ಲೋಟ ಪಾಲುದಾರನದು, ಅದನ್ನು ಬಾಗಿಲ ಹೊರಗೆ ನಿಂತು ಕುಡಿಯುವನು.

ಇದೇ ರೀತಿ ನಡೆದುಹೋಗಬಹುದಾಗಿತ್ತು. ಆದರೆ ಮುದ್ದಪ್ಪನಿಗೆ ಒಬ್ಬ ಅಣ್ಣನಿದ್ದನು, ಈರಭದ್ರಪ್ಪ. ತಂದೆ ತೀರಿಕೊಂಡಾಗ ಮುದ್ದಪ್ಪನಿನ್ನೂ ಲಂಗೋಟಿಯ ಹುಡುಗ. ಅಣ್ಣನೇ ಅವನನ್ನು ಬೆನ್ನಮೇಲೆ ಹೊತ್ತು ಶಾಲೆಗೆ ಬಿಟ್ಟವನು, ಪಂಚಾಯಿತಿಯಲ್ಲಿ ಕೆಲಸಕ್ಕೆ ಸೇರಿಸಲು ಷಣ್ಮುಖಪ್ಪನವರ ಹೊಲದಲ್ಲಿ ಒಂದು ಬೇಸಿಗೆ ಬಿಟ್ಟಿ ಉತ್ತವನು, ತಾನೇ ಮುಂದೆ ನಿಂತು ಶಂಕರಮ್ಮನನ್ನು ತಂದು ಮದುವೆ ಮಾಡಿದವನು. ಒಂದೇ ಒಲೆ, ಒಂದೇ ಅಟ್ಟ. ಮುದ್ದಪ್ಪನ ಸಂಬಳ ಅಣ್ಣನ ಕೈಗೆ, ಅಣ್ಣನ ಬೆಳೆ ಎಲ್ಲರ ಹೊಟ್ಟೆಗೆ.

ಮಕ್ಕಳು ದೊಡ್ಡವರಾದರು, ಸೊಸೆಯರು ಬಂದರು, ಒಲೆ ಸಾಲದಾಯಿತು. ಎಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಜಗಳವಿಲ್ಲದೆ ಭಾಗವಾಗೋಣವೆಂದು ಅಣ್ಣತಮ್ಮಂದಿರು ಒಪ್ಪಿದರು. ಊರಿನ ಹಿರಿಯ ಚಿಕ್ಕಬೀರಪ್ಪನವರ ಮುಂದೆ, ಮನೆಯ ಜಗುಲಿಯ ಮೇಲೆ ಪಂಚಾಯ್ತಿಕೆ ಕೂಡಿತು. ಹೊಲ, ಎತ್ತು, ನೆಲದೊಳಗಿನ ಹಗೇವಿನಲ್ಲಿದ್ದ ರಾಗಿ, ಕಡೆಗೆ ಒರಳುಕಲ್ಲಿನವರೆಗೂ ನಗುನಗುತ್ತಲೇ ಭಾಗವಾಯಿತು. ಬಾವಿಯನ್ನು ಕತ್ತರಿಸಲಾಗುವುದಿಲ್ಲ, ಆದ್ದರಿಂದ ಪಾಳಿ: ಒಂದು ದಿನ ಅಣ್ಣ ನೀರು ಎತ್ತುವುದು, ಮರುದಿನ ತಮ್ಮ.

ಆಗ ಬಾಗಿಲ ಹಿಂದಿನಿಂದ ಅತ್ತಿಗೆ ದುರ್ಗಮ್ಮನ ಧ್ವನಿ ಕೇಳಿಸಿತು. "ಎಲ್ಲಾ ಸರಿ. ಎಣ್ಣೆ ಮಿಲ್ಲಿನ ಪಾಲು ಯಾಕೆ ಯಾರ ಬಾಯಾಗೂ ಬರ್ಲಿಲ್ಲ?"

ಜಗುಲಿಯ ಮೇಲಿದ್ದವರೆಲ್ಲ ಮುದ್ದಪ್ಪನ ಕಡೆ ತಿರುಗಿದರು.

"ಅದು ನಂದಲ್ಲ ಅತ್ತಿಗೆ" ಎಂದನು ಮುದ್ದಪ್ಪ.

"ಯಾರ ಹೆಸರಲ್ಲೈತೆ?" ಎಂದು ಚಿಕ್ಕಬೀರಪ್ಪನವರು ಕೇಳಿದರು.

"ನನ್ನ ಹೆಸರಲ್ಲೇ ಐತೆ. ಆದ್ರೆ ನಂದಲ್ಲ."

"ಏನ್ಲಾ ಇದು, ಒಗಟು ಹೇಳ್ತೀಯಾ?"

"ವಕೀಲ್ರು ಹಂಗೇ ಹೇಳಿದ್ರು. ಹೆಸರು ನಂದು, ಷೇರು ಪಂಚಾಯ್ತೀದು ಅಂತ."

ಜಗುಲಿಯ ಮೇಲಿದ್ದವರೆಲ್ಲ ಗೊಳ್ಳನೆ ನಕ್ಕರು. ಅವರು ನಕ್ಕದ್ದಕ್ಕೂ ಕಾರಣವಿತ್ತು. ಭೂಸುಧಾರಣೆಯ ಕಾಯ್ದೆ ಬಂದಾಗ, ಜಮೀನು ಹೋಗುತ್ತದೆಂದು ಹೆದರಿ ಕೆಲವರು ತಮ್ಮ ಹೊಲಗಳನ್ನು ಭಾವಮೈದುನರ ಹೆಸರಿಗೆ ಬರೆದಿದ್ದರು. 'ಹೆಸರು ಮಾತ್ರ ನಿಂದು' ಎಂದೇ ಬರೆದದ್ದು. ಈಗ ಆ ಹೊಲಗಳನ್ನು ಉಣ್ಣುತ್ತಿರುವವರು ಭಾವಮೈದುನರೇ. ಖಾತೆ ಯಾರದೋ ಮಾಲು ಅವರದೇ ಎಂಬುದನ್ನು ಆ ಸೀಮೆ ಪೆಟ್ಟುತಿಂದು ಕಲಿತಿತ್ತು.

ನಗದೆ ಇದ್ದವನು ಈರಭದ್ರಪ್ಪನೊಬ್ಬನೇ. ತಮ್ಮನ ಕಡೆ ತಿರುಗಿ, "ನಂಗೆ ಮಿಲ್ಲು ಬೇಡ ಕಣೋ. ಆದ್ರೆ ಒಂದೇ ತಟ್ಟೇಲಿ ಉಂಡು ನನ್ನ ಹತ್ರ ಮುಚ್ಚಿಡ್ತೀಯಲ್ಲ" ಎಂದನು.

ಚಿಕ್ಕಬೀರಪ್ಪನವರು ತೀರ್ಪು ಕೊಟ್ಟರು. ಷೇರು ಒಂದೇ ಇದೆ, ಅದನ್ನೂ ಕತ್ತರಿಸಲಾಗುವುದಿಲ್ಲ. ಬಾವಿ ಹೇಗೋ ಹಾಗೆ. ಒಂದು ವರ್ಷ ಅಣ್ಣನು ಕಂಪನಿಯ ಸಭೆಯಲ್ಲಿ ಕೂರಲಿ, ಮರುವರ್ಷ ತಮ್ಮನು. ಅಣ್ಣ ಹಿರಿಯನಾದ್ದರಿಂದ ಮೊದಲ ಪಾಳಿ ಅವನದು. ಇಂಥ ನ್ಯಾಯವಾದ ತೀರ್ಪನ್ನು ಅಲ್ಲಗಳೆಯುವವರು ಯಾರಿದ್ದರು? ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಎದ್ದರು.

ಮನೆಯ ನಡುವೆ ಬಿದಿರಿನ ತಡಿಕೆ ಎದ್ದಿತು. ತಡಿಕೆಯ ಆಚೆ ಅಣ್ಣ ಕೆಮ್ಮಿದರೂ ಕೇಳಿಸುತ್ತದೆ, ಆದರೆ ಮಾತಿಲ್ಲ. ಏನಾದರೂ ಹೇಳಬೇಕಾದರೆ ಈರಭದ್ರಪ್ಪನು ಎತ್ತಿನ ಕಡೆ ತಿರುಗಿ, "ಇವತ್ತು ಬಾವಿ ನಮ್ದು ಅಂತ ಆ ಕಡೇರ್ಗೆ ಹೇಳ್ರಪ್ಪ" ಎನ್ನುವನು. ಆ ಕಡೆಯವರು! ಹೊಲ ಕಡಿಮೆ ಬಂದಿದ್ದರೆ ಮುದ್ದಪ್ಪನು ಸಹಿಸಿಯಾನು, ಅಣ್ಣನ ಕಣ್ಣಿನಲ್ಲಿ ಕಳ್ಳನಾಗುವುದನ್ನು ಹೇಗೆ ಸಹಿಸುವುದು?

ಅವನು ಚೇರ್ಮನ್ನರ ಬಳಿಗೆ ಹೋಗಿ, "ನನ್ನ ಹೆಸರು ತೆಗೆದುಬಿಡಿ ಸ್ವಾಮಿ" ಎಂದು ಬೇಡಿಕೊಂಡನು.

"ತೆಗೆದ್ರೆ ಯಾರ್ನ ಹಾಕ್ಲೋ? ಮತ್ತೆ ಎಲ್ರೂ ನನ್ನ ಕುತ್ತಿಗೆಗೆ ಬೀಳ್ತಾರೆ. ಸುಮ್ನಿರು, ನಿನ್ಗೇನು ನಷ್ಟ?" ಎಂದು ಅವರು ಸ್ಕೂಟರ್ ಹತ್ತಿ ಹೊರಟುಹೋದರು.

ಅಜ್ಜಂಪುರಕ್ಕೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಮುದ್ದಪ್ಪನು ತರೀಕೆರೆಗೆ ವಕೀಲರ ಹತ್ತಿರವೇ ಹೋದನು. ಶಿವಮೂರ್ತಪ್ಪನವರು ಕರೀ ಕೋಟನ್ನು ತೋಳಿಗೆ ಏರಿಸಿಕೊಳ್ಳುತ್ತ ಕೋರ್ಟಿಗೆ ಹೊರಟಿದ್ದರು. ಜಗುಲಿಯ ಮೇಲೆಯೇ ನಿಂತು ಕೇಳಿ, ಮೆಟ್ಟಿಲಿಳಿಯುತ್ತ ಉತ್ತರ ಹೇಳಿದರು.

"ನೋಡಪ್ಪ, ಕಂಪನಿಯ ಕಣ್ಣಿಗೆ ನೀನೇ ಒಡೆಯ. ಹೆಸರಿನ ಹಿಂದೆ ಯಾರಿದ್ದಾರೆ ಎಂದು ಕಂಪನಿ ನೋಡುವುದಿಲ್ಲ. ಪಂಚಾಯಿತಿಗೂ ನಿನಗೂ ನಡುವೆ ಮಾತ್ರ ಪಂಚಾಯಿತಿ ಒಡೆಯ. ನೀನು ಕೈ ಎತ್ತಬೇಕಾದರೆ ಪಂಚಾಯಿತಿ ಹೇಳಿದ ಹಾಗೆ ಎತ್ತಬೇಕು, ಆದರೆ ಎತ್ತುವ ಕೈ ನಿನ್ನದೇ ಆಗಿರಬೇಕು."

"ನಮ್ಮಣ್ಣನ ಕಣ್ಣಿಗೆ ಯಾರು ಸ್ವಾಮಿ ಒಡೆಯ?"

"ಅದಕ್ಕೆ ಕಾಯ್ದೆಯಲ್ಲಿ ಕಲಮು ಇಲ್ಲ" ಎಂದು ವಕೀಲರು ನಕ್ಕು ಜಟಕಾ ಹತ್ತಿದರು.

ಬಸ್ಸಿನಲ್ಲಿ ಕುಳಿತು ಮುದ್ದಪ್ಪನು ಆ ಮಾತುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳಲು ನೋಡಿದನು. ತರೀಕೆರೆ ದಾಟುವ ಹೊತ್ತಿಗೆ ಅರ್ಧ ಮರೆತಿತ್ತು, ಅಜ್ಜಂಪುರ ಬರುವ ಹೊತ್ತಿಗೆ ಒಂದೇ ಉಳಿದಿತ್ತು: ಕಂಪನಿಯ ಕಣ್ಣಿಗೆ ನೀನೇ ಒಡೆಯ. ಒಡೆಯನೇ ಆದಮೇಲೆ ಅಣ್ಣನಿಗೆ ಪಾಳಿ ಕೊಡುವುದಕ್ಕೆ ಅಡ್ಡಿಯೇನು? ಕೊಟ್ಟರೆ ಅಣ್ಣನು ಮಾತನಾಡಿಸಿಯಾನು. ಎಷ್ಟೋ ದಿನಗಳ ಮೇಲೆ ಅವನಿಗೆ ಮನಸ್ಸು ಹಗುರವಾಯಿತು.

ಗಣಪತಿ ಹಬ್ಬ ಕಳೆಯಿತು. ಸಭೆಯ ದಿನ ಚೇರ್ಮನ್ನರು ಒಳಗೆ ಬಂದು ನೋಡಿದರೆ, ಎದುರಿನ ಕುರ್ಚಿಯಲ್ಲಿ ರುಮಾಲು ಸುತ್ತಿದ ಈರಭದ್ರಪ್ಪನು ಎರಡು ಕೈಗಳನ್ನೂ ಮಂಡಿಯ ಮೇಲೆ ಊರಿ, ಕುರ್ಚಿ ತುಂಬ ಕುಳಿತಿದ್ದಾನೆ. ಮುದ್ದಪ್ಪನು ಡವಾಲಿ ತೆಗೆಯದೆ ಬಾಗಿಲಲ್ಲಿ ನಿಂತಿದ್ದಾನೆ.

"ಏನಯ್ಯ ಇದು?"

"ಈ ವರ್ಷ ನಮ್ಮಣ್ಣನ ಪಾಳಿ ಸ್ವಾಮಿ."

ಷಣ್ಮುಖಪ್ಪನವರು ಸೆಕ್ರೆಟರಿಯ ಮುಖ ನೋಡಿದರು. ಬಸವರಾಜಪ್ಪನು ಕಾಯ್ದೆಯ ಪುಸ್ತಕದ ಹಾಳೆಗಳನ್ನು ಮುಂದಕ್ಕೂ ಹಿಂದಕ್ಕೂ ತಿರುವಿದನು. ಪಾಳಿಯ ವಿಷಯ ಅದರಲ್ಲಿ ಎಲ್ಲಿಯೂ ಕಾಣಲಿಲ್ಲ. ಕೂಡದು ಎಂದೂ ಕಾಣಲಿಲ್ಲ. "ಅಣ್ಣತಮ್ಮಂದಿರಲ್ವೇ, ಹೆಂಗೋ ಮುಗಿಸಿಬಿಡೋಣ ಚೇರ್ಮನ್ರೇ" ಎಂದನು.

ಚೇರ್ಮನ್ನರು ಗಂಟಲು ಸರಿಮಾಡಿಕೊಂಡು, "ಶ್ರೀ ಈರಭದ್ರಪ್ಪನವರೇ, ಲೆಕ್ಕಪತ್ರಗಳಿಗೆ ತಮ್ಮ ಒಪ್ಪಿಗೆ ಉಂಟಷ್ಟೆ?" ಎಂದರು.

"ಇಲ್ಲ" ಎಂದನು ಈರಭದ್ರಪ್ಪ.

ಆ ಕೋಣೆಯಲ್ಲಿ ಆ ಶಬ್ದವನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

"ಯಾಕೆ? ಏನು ತಪ್ಪಿದೆ?"

"ತಪ್ಪೈತೆ ಅಂತ ನಾನೆಲ್ಲಂದೆ? ನಂಗೆ ತಿಳೀದು, ಅಷ್ಟೆ. ತಿಳೀದಿದ್ದಕ್ಕೆ ಒಪ್ಪಿಗೆ ಕೊಡೋದೆಂಗೆ? ಮೊದ್ಲು ಒಂದು ಹೇಳಿ. ಈ ಮಿಲ್ಲಿಗೆ ಮಾಲೀಕ್ರು ಯಾರು?"

"ಪಂಚಾಯಿತಿ."

"ಪಂಚಾಯ್ತಿ ಅಂದ್ರೆ ನೀವಾ?"

"ನಾನಲ್ಲಪ್ಪ. ಪಂಚಾಯಿತಿ ಅಂದ್ರೆ ಊರು."

"ಊರು ಅಂದ್ರೆ ನಾನೂ ಸೇರಿದ್ನಾ?"

"ಸೇರಿದೆ."

"ಸರಿ. ಊರಾಗಿ ನಾನೊಂದು ಮಾಲೀಕ. ಇವನ ಅಣ್ಣನಾಗಿ ಇನ್ನೊಂದು ಮಾಲೀಕ. ಎರಡು ಕಡೆಯಿಂದ್ಲೂ ನಾನೇ ಮಾಲೀಕ ಆದ್ರೆ, ನನ್ನ ಒಪ್ಪಿಗೆ ಕೇಳೋಕೆ ನೀವ್ಯಾರು?"

ಬಸವರಾಜಪ್ಪನು ಬರೆಯುವುದನ್ನು ನಿಲ್ಲಿಸಿದನು. ಇದನ್ನು ಹೇಗೆ ಬರೆಯಬೇಕೆಂದು ಅವನಿಗೆ ತೋಚಲಿಲ್ಲ. ಷಣ್ಮುಖಪ್ಪನವರು ಒಳ್ಳೆಯವರು, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಮೇಜು ಗುದ್ದಿ ಎದ್ದರು.

"ಮಾಲೀಕ ಅಂತೆ ಮಾಲೀಕ! ನಿನಗೂ ಇಲ್ಲ, ನಿನ್ನ ತಮ್ಮನಿಗೂ ಇಲ್ಲ! ಕಾಯ್ದೆಗೆ ಎರಡನೇ ತಲೆ ಬೇಕಿತ್ತು, ಇವನ ತಲೆ ಎಣಿಸಿಕೊಂಡ್ವಿ. ಒಂದು ಚಮಚ ಎಣ್ಣೇನೂ ಅವನಿಗೆ ಬರಲ್ಲ ಕಣಯ್ಯಾ. ಆರು ವರ್ಷದಿಂದ ಆ ಕುರ್ಚಿ ಮೇಲೆ ಬರೀ ಹೆಸರು ಕೂತಿತ್ತು, ಮನುಷ್ಯ ಅಲ್ಲ!"

ಈರಭದ್ರಪ್ಪನು ಮೆಲ್ಲಗೆ ಬಾಗಿಲ ಕಡೆ ತಿರುಗಿದನು. ಮುದ್ದಪ್ಪನು ನೆಲ ನೋಡುತ್ತಿದ್ದನು.

"ನಿಜವೇನೋ?"

ಭಾಗವಾದಂದಿನಿಂದ ಅಣ್ಣನ ಬಾಯಿಂದ ತನ್ನ ಕಡೆಗೆ ನೇರವಾಗಿ ಬಂದ ಮೊದಲ ಮಾತು. ಮುದ್ದಪ್ಪನು ಹೌದೆಂದು ತಲೆಯಾಡಿಸಿದನು.

"ಮತ್ತೆ ಅವತ್ತೇ ಹೇಳ್ಬಾರ್ದಿತ್ತಾ?"

"ಹೇಳಿದ್ನಲ್ಲಣ್ಣ. ಜಗುಲಿ ಮೇಲೆ ಎಲ್ಲರ ಮುಂದೇನೇ ಹೇಳ್ದೆ."

"ಹೇಳ್ದೆ" ಎಂದು ಈರಭದ್ರಪ್ಪನು ಒಪ್ಪಿಕೊಂಡನು. "ಆದ್ರೆ ನೀನು ಹೇಳಿದ್ದು ನಂಬೋ ಹಂಗಿರ್ಲಿಲ್ಲ. ಈಗಲೂ ಇಲ್ಲ. ಏನೂ ಇಲ್ಲದೋನ ಸೈ ಇವರಿಗೆ ಯಾಕೆ ಬೇಕೋ?"

"ನಂಗೂ ಗೊತ್ತಿಲ್ಲಣ್ಣ."

"ನಡಿ ಮನೆಗೆ" ಎಂದು ಅವನು ತಮ್ಮನ ರಟ್ಟೆ ಹಿಡಿದನು. ಚೇರ್ಮನ್ನರು, "ಲೇ, ಸಭೆ!" ಎಂದು ಕೂಗುತ್ತಿದ್ದರೂ ಕೇಳದೆ ಇಬ್ಬರೂ ಹೊರಗೆ ನಡೆದರು. ಕಛೇರಿಯ ಹೊತ್ತಿನಲ್ಲಿ, ಯಾರನ್ನೂ ಕೇಳದೆ ಮುದ್ದಪ್ಪನು ಮನೆಗೆ ಹೋದದ್ದು ಅದೇ ಮೊದಲು, ಅದೇ ಕಡೆ.

ಮನೆಯ ಮುಂದೆ ದುರ್ಗಮ್ಮ ಕಾಯುತ್ತಿದ್ದಳು. "ಏನು ಬಂತು ಪಾಲಿಗೆ?"

"ಬಂತು. ಅವನಿಗೆ ಬರೋದರಲ್ಲಿ ಸರಿಯಾಗಿ ಅರ್ಧ ಬಂತು" ಎಂದು ಈರಭದ್ರಪ್ಪನು ರುಮಾಲು ಬಿಚ್ಚಿದನು. "ತಮ್ಮ ಸುಳ್ಳು ಹೇಳಿರ್ಲಿಲ್ಲ ಕಣೇ. ಸುಳ್ಳು ಹೇಳೋ ಅಷ್ಟು ಅವನಿಗೂ ತಿಳಿದಿಲ್ಲ."

ದುರ್ಗಮ್ಮ ಮೈದುನನ ಮುಖ ನೋಡಿ, ಸೆರಗಿನಿಂದ ಬಾಯೊರೆಸಿಕೊಂಡು, "ಒಳಗೆ ಬಾರಪ್ಪ, ಮುದ್ದೆ ಆಗೈತೆ" ಎಂದಳು.

ಎಂಟು ದಿನ ಬಿಟ್ಟು ಬಸವರಾಜಪ್ಪನೇ ಮನೆಗೆ ಬಂದನು. ತರೀಕೆರೆಯ ವಕೀಲರಿಗೆ ಕಾಗದ ಬರೆದು ಕೇಳಿದ್ದಾಯಿತು. ಷೇರು ಯಾರ ಹೆಸರಲ್ಲಿದೆಯೋ ಅವನೇ ಕೂರಬೇಕಂತೆ, ಪಾಳಿಯ ಸಭೆ ಸಭೆಯೇ ಅಲ್ಲವಂತೆ, ಇನ್ನೊಮ್ಮೆ ನಡೆಸಬೇಕಂತೆ. ಈರಭದ್ರಪ್ಪನು ಎಲ್ಲವನ್ನೂ ಕೇಳಿಸಿಕೊಂಡು, "ಹೋಗ್ಬಾರೋ. ಆದ್ರೆ ತಿಳ್ಕೊಂಡು ಒಪ್ಪು" ಎಂದು ತಮ್ಮನನ್ನು ಕಳುಹಿಸಿದನು.

ಚೇರ್ಮನ್ನರು ಸ್ವಲ್ಪ ಸಪ್ಪಗಿದ್ದರು. ಒಪ್ಪಿಗೆ ಉಂಟಷ್ಟೆ ಎಂದು ಎಂದಿನಂತೆ ಕೇಳಿದರು. ಮುದ್ದಪ್ಪನು ಕುರ್ಚಿಯ ತುದಿಯಲ್ಲಿ ಕುಳಿತು, ಬೆವರುತ್ತ, "ಒಂದ್ಸಲ ಓದಿ ಹೇಳ್ಬಿಡಿ ಸ್ವಾಮಿ" ಎಂದನು. ಷಣ್ಮುಖಪ್ಪನವರು ಹುಬ್ಬು ಗಂಟಿಕ್ಕಿದರು. ಆದರೆ ಬೇಡವೆನ್ನಲು ಯಾವ ಮುಖದಿಂದ ಎನ್ನಬೇಕೆಂದು ತಿಳಿಯದೆ, ಸೆಕ್ರೆಟರಿಗೆ ಕೈಸನ್ನೆ ಮಾಡಿದರು. ಬಸವರಾಜಪ್ಪನು ಇಡೀ ಲೆಕ್ಕವನ್ನು ಮೊದಲಿನಿಂದ ಕಡೆಯವರೆಗೆ ಓದಿದನು. ಓದುತ್ತ ಓದುತ್ತ ಒಂದೆರಡು ಕಡೆ ತಾನೇ ತಡೆದು, "ಇದೇನು ಹಿಂಗೈತೆ?" ಎಂದು ಚೇರ್ಮನ್ನರನ್ನು ಕೇಳಿದನು. ಅವರು ಬಗ್ಗಿ ನೋಡಿ, "ಹೌದಲ್ಲ, ನೋಡೋಣ" ಎಂದರು. ಹಾಗೆ ಆ ಲೆಕ್ಕವನ್ನು ಬರೆದವರೂ ಒಪ್ಪಿದವರೂ ಒಟ್ಟಿಗೆ ಕುಳಿತು ಮೊದಲ ಬಾರಿಗೆ ಕೇಳಿದರು.

ಸಂಜೆ ಜಗುಲಿಯ ಮೇಲೆ ಅಣ್ಣನು ಕೇಳಿದನು. "ತಿಳೀತೇನೋ?"

"ಇಲ್ಲಣ್ಣ."

"ಒಪ್ಪಿದ್ಯಾ?"

"ಒಪ್ಪಿದೆ."

"ಯಾಕೋ?"

"ಪಾಪ, ಬಸವರಾಜಪ್ನೋರು ಅಷ್ಟು ಹೊತ್ತು ಓದಿದ್ರು."

ಈರಭದ್ರಪ್ಪನು ಹಣೆ ಚಚ್ಚಿಕೊಂಡನು. ಅಲ್ಲಿಂದ ಮುಂದೆ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಮಿಲ್ಲಿನ ಒಡೆಯನಾರೆಂಬ ಪ್ರಶ್ನೆ ಅವನ ತಲೆ ಹೊಕ್ಕು ಕುಳಿತಿತ್ತು. ಒಂದು ಸಂಜೆ ಊರೇ ಒಡೆಯನೆಂದು ಸಾಧಿಸುವನು, ಮರುಸಂಜೆ ಒಡೆಯನೇ ಇಲ್ಲವೆನ್ನುವನು, ಇನ್ನೊಂದು ಸಂಜೆ ಕಂಪನಿಯು ತನಗೆ ತಾನೇ ಒಡೆಯನಿರಬೇಕೆಂದು ಅನುಮಾನಪಡುವನು. ಮುದ್ದಪ್ಪನು ಎಲ್ಲಕ್ಕೂ ಹೂಂಗುಟ್ಟುವನು. ಎಂಬತ್ತೇಳರಲ್ಲಿ ಮಂಡಲ ಪಂಚಾಯಿತಿಗಳು ಬಂದು ಹಳೆಯ ಪಂಚಾಯಿತಿ ಹೋದಾಗ, ಆ ಷೇರುಗಳೆಲ್ಲ ಯಾರ ಕೈಗೆ ಹೋದವೆಂದು ಕೇಳಿದವರಿಗೆ ಮೂವರು ಮೂರು ಬಗೆಯಾಗಿ ಹೇಳಿದರು. ಮುದ್ದಪ್ಪನಿಗಂತೂ ಯಾರೂ ಹೇಳಲಿಲ್ಲ. ಆ ಸುದ್ದಿ ತಂದವನು ಈರಭದ್ರಪ್ಪನೇ. ತಡಿಕೆಯ ಆಚೆಯಿಂದ, ಇನ್ನೂ ಕೋಳಿ ಕೂಗುವ ಮೊದಲೇ, "ಲೇ ಮುದ್ದ, ಎದ್ದಿದೀಯೇನೋ? ಈಗ ಇನ್ನೂ ಗೋಜಲಾಯ್ತು ಕೇಳು" ಎಂದು ಅವನು ಆರಂಭಿಸಿದನು. ಮುದ್ದಪ್ಪನು ಕಂಬಳಿಯೊಳಗಿನಿಂದಲೇ "ಹೇಳಣ್ಣ" ಎಂದನು.